ಸಾಲ ಕೊಡಸೋ ಹುಡುಗ ಹೆಂಗದಾನ?

ನಗೋ ಪ್ರಸಂಗಗಳನ್ನ ನಾವು ಹುಡುಕ್ಕೊಂಡು ಹೋಗಬೇಕಾಗಿಲ್ಲ, ಅವೇ ನಮ್ಮ ಮನಿ ಅಡ್ರೆಸ್ ಕೇಳ್ಕೊಂತ ಬರ್ತಾವ. ಆಂಧ್ರದ ಆದೋನಿ ಕಡೆ ಒಂದು ಸರಕಾರಿ ದವಾಖಾನ್ಯಾಗ ನಾನು ನರ್ಸು. ಸೂಜಿ ಹಾಕೋ ರೂಮಿನ್ಯಾಗ ನಿಂತು ನಿಂತು, ಮಕ್ಕಳು ಅಳೋದು, ಮಕ್ಕಳಿಗಿಂತ ಜೋರಾಗಿ ಅವರಪ್ಪಂದಿರು ಚೀರೋದು, ಎಲ್ಲಾ ಅಭ್ಯಾಸ ಆಗಿ ಹೋಗೇತಿ. ಆದ್ರ ಮೊದಲನೇ ಸಲ ಒಂದು ಸ್ವಂತ ಮನಿ ತಗೋಬೇಕು, ಅದಕ್ಕ ಬ್ಯಾಂಕಿನ ಸಾಲ ಮಾಡಿಸಿಕೊಡೋ ಒಬ್ಬ ನಂಬಿಗಸ್ತ ಏಜೆಂಟ್ ಬೇಕು ಅಂತ ಹೊಂಟ ಮ್ಯಾಲೆ ಆದವಲ್ಲ, ಅವನ್ನ ನೆನಸಿಕೊಂಡ್ರ ಇವತ್ತಿಗೂ ಡ್ಯೂಟ್ಯಾಗ ಒಬ್ಬಾಕೇ ನಗ್ತೀನಿ. ಸೂಜಿ ಹಿಡಕೊಂಡು ನಗೋ ನರ್ಸಮ್ಮನ್ನ ನೋಡಿ ಪೇಷಂಟುಗಳು ಗಾಬರಿ ಆಗ್ತಾರ.

ಅಕ್ಕಿ ಡಬ್ಬಿ ಮ್ಯಾಲೆ ಮಾವ

ಮನಿ ಯಾಕ ಬೇಕಾತು ಅನ್ನೋದನ್ನ ಮೊದಲು ಹೇಳಬೇಕು. ನಮ್ಮ ಬಾಡಿಗಿ ಮನಿ ಓನರಮ್ಮಗ ಮೊಳಿ ಅಂದ್ರ ಆಗಂಗಿಲ್ಲ. ಗೋಡಿಗೆ ಮೊಳಿ ಹೊಡದ್ರ ಆಕಿ ಎದಿಗೆ ಹೊಡದಂಗ ಓಡಿ ಬರ್ತಾಳ. ಹಿಂಗಾಗಿ ನಮ್ಮನ್ಯಾಗ ಕ್ಯಾಲೆಂಡರ್ ಮಂಚದ ಮ್ಯಾಲೆ ಮಲಗಿರ್ತಿತ್ತು, ಗಡಿಯಾರ ಫ್ರಿಜ್ಜಿಗೆ ಒರಗಿ ಕುಂತಿರ್ತಿತ್ತು. ನಮ್ಮ ಮಾವನೋರು ತೀರಿಕೊಂಡ ಮ್ಯಾಲೆ ಅವರ ಫೋಟೋಕ್ಕ ಚೌಕಟ್ಟು ಹಾಕ್ಸಿ ತಂದ್ವಿ. ಎಲ್ಲಿ ಇಡೋದು? ಅಕ್ಕಿ ಡಬ್ಬಿ ಮ್ಯಾಲೆ ಕುಂದ್ರಿಸಿದ್ವಿ. ನಮ್ಮತ್ತಿ ದಿನಾ ಅನ್ನಕ್ಕಿಡಬೇಕಾದ್ರ, "ಸ್ವಲ್ಪ ಏಳ್ರಿ" ಅಂತ ಅವರಿಗೆ ಹೇಳಿ, ಎತ್ತಿ ಪಕ್ಕಕ್ಕಿಟ್ಟು, ಆಮ್ಯಾಲೆ ಮುಚ್ಚಳ ತಗೀತಿದ್ರು.

ಒಂದಿನ ಹಿಂಗ ಎತ್ತಿದೋರು ಹಂಗ ನಿಂತುಬಿಟ್ರು. "ಇದ್ದಾಗಂತೂ ಈ ಮನಷಾಗ ಸ್ವಂತ ಮನಿ ಆಗಲಿಲ್ಲ. ಈಗ ಒಂದು ಗೋಡಿನಾದ್ರೂ ಕೊಡ್ರಿ," ಅಂದ್ರು. ನನ್ನ ಕಣ್ಣಾಗ ನೀರು ಬಂತು. ಅವತ್ತೇ ಮನಿ ಹುಡುಕಾಕ ಶುರು ಮಾಡಿದ್ವಿ.

ಸಿಕ್ಕಿತು. ಎರಡು ರೂಮು, ಹಿತ್ತಲದಾಗ ಬೇವಿನ ಗಿಡ, ನಮ್ಮದೇ ಒಂದು ನಳ. ಹಳೇ ಮನಿ, ಆದ್ರ ಗಟ್ಟಿ ಐತಿ. ಅದನ್ನ ಮಾರೋ ಹಿರಿಯ, ಕರ್ನೂಲಿನ್ಯಾಗಿದ್ದ ತನ್ನ ಮಗನ ಹತ್ರ ಇರಾಕ ಹೋಗೋನು. "ದಸರಾದೊಳಗ ಆದ್ರ ನಿಮಗ. ಇಲ್ಲಂದ್ರ ಹತ್ತಿ ವ್ಯಾಪಾರಿ ಒಬ್ಬ ಕಾದು ಕುಂತಾನ," ಅಂದ. ನಾವು ಮನಿ ನೋಡಾಕ ಹೋದಾಗ ನಮ್ಮತ್ತಿ ರೂಮು ನೋಡಲಿಲ್ಲ, ನಳ ತಿರುವಿ ನೋಡಲಿಲ್ಲ. ಸೀದಾ ಗೋಡಿ ಹತ್ರ ಹೋಗಿ ಬೆರಳಿನಿಂದ ಟಕ್ ಟಕ್ ಬಡದು, "ತಡೀತೈತಿ," ಅಂದ್ರು. ಮಾರೋ ಹಿರಿಯ ಭೂಕಂಪದ ಮಾತು ಅಂತ ತಿಳಕೊಂಡು, "ಇಷ್ಟು ವರ್ಷ ತಡದೈತ್ರಿ," ಅಂದ.

ಅದೇ ಗುಣದ್ದು, ಬ್ಯಾರೆ ಕಂಪನಿದು

"ಬ್ಯಾಂಕಿಗೆ ನೀವೇ ಹೋದ್ರ ಇವತ್ತು ಸಾಹೇಬರಿಲ್ಲ, ನಾಳೆ ಸರ್ವರ್ ಇಲ್ಲ ಅಂತ ಅಡ್ಡಾಡಿಸ್ತಾರ. ಒಬ್ಬ ಏಜೆಂಟನ್ನ ಹಿಡೀರಿ," ಅಂತ ಎಲ್ಲಾರೂ ಹೇಳಿದ್ರು. ನಾನು ಬೆಳಿಗ್ಗೆ ಈ ಮಾತು ನಮ್ಮ ದವಾಖಾನಿ ಆಯಾಗ ಒಬ್ಬಾಕಿಗೇ ಹೇಳಿದ್ದು. ಮಧ್ಯಾಹ್ನದಷ್ಟೊತ್ತಿಗೆ ಚೀಟಿ ಲೈನಿನ್ಯಾಗ ನಿಂತೋರಿಗೆಲ್ಲಾ ಗೊತ್ತಾಗಿತ್ತು. ತೋಳು ಮಡಚಿಕೊಂಡು ಬಂದೋನು, "ಸಿಸ್ಟರ್, ನಮ್ಮ ಬಾಮೈದ ಅದೇ ಕೆಲಸ ಮಾಡ್ತಾನ," ಅಂದ. ಅವನ ಹಿಂದಿನಾಕಿ, "ಅವನ ಬಾಮೈದ ಬ್ಯಾಡ್ರಿ, ನಮ್ಮ ಅಳಿಯ ಅದಾನ," ಅಂದ್ಲು. ಸೂಜಿ ಹಾಕಿಸ್ಕೊಂಡೋರೆಲ್ಲಾ ಹತ್ತಿ ಒತ್ತಿ ಹಿಡಕೊಂಡು, ನನಗ ಒಬ್ಬೊಬ್ಬ ಬೀಗನ್ನ ಕೊಟ್ಟು ಹೋದ್ರು.

ಕೊನಿಗೆ ನಮ್ಮ ಡಾಕ್ಟರೂ ಬಿಡಲಿಲ್ಲ. ಒಂದು ಚೀಟಿ ಹರದು ಅವರಿಗೆ ಗೊತ್ತಿದ್ದ ಏಜೆಂಟನ ಹೆಸರು, ನಂಬರು ಬರದು ಕೊಟ್ರು. ನಾನು ಅದನ್ನ ಮನಿಗೆ ತಂದು ಟಿವಿ ಮ್ಯಾಲೆ ಇಟ್ಟೆ. ನಮ್ಮನಿಯವರು ಅದನ್ನ ನೋಡಿ, ಅತ್ತಿಯ ಬಿಪಿ ಗುಳಿಗಿ ಚೀಟಿ ಅಂದ್ಕೊಂಡು ಸೀದಾ ಮೆಡಿಕಲ್ ಶಾಪಿಗೆ ಒಯ್ದಾರ. ನಮ್ಮನಿಯವರು ಜಿನ್ನಿಂಗ್ ಮಿಲ್ಲಿನ್ಯಾಗ ಗುಮಾಸ್ತರು. ಹತ್ತಿಗೆ ಎಷ್ಟು ನೀರು ಹೊಡದಾರ ಅಂತ ಮುಟ್ಟಿದ ಕೂಡ್ಲೆ ಹೇಳ್ತಾರ, ಮನಷಾರ ಮಾತಿಗೆ ಎಷ್ಟು ಹೊಡದಾರ ಅನ್ನೋದು ಮಾತ್ರ ಅವರಿಗೆ ಗೊತ್ತಾಗಂಗಿಲ್ಲ.

ಡಾಕ್ಟರ್ ಅಕ್ಷರ ಓದಾಕ ಊರಾಗ ಬರೋದು ಮೆಡಿಕಲ್ ಶಾಪಿನೋರಿಗೆ ಮಾತ್ರ. ಆ ಅಂಗಡಿಯವ ಚೀಟಿ ಓದಿದ, ಒಂದು ಸಲ ನಮ್ಮನಿಯವರ ಮುಖ ನೋಡಿದ. "ಇದು ಸಾಲದ ಏಜೆಂಟಂದಲ್ಲೇನ್ರಿ. ಇದು ಬ್ಯಾಡ, ಭಾಳ ಕಾಸ್ಟ್ಲಿ ಬೀಳ್ತೈತಿ. ಅದೇ ಗುಣದ್ದು ಬ್ಯಾರೆ ಕಂಪನಿದು ಐತಿ, ಕೊಡ್ಲಾ?" ಅಂದ. ಇವರು ಕೊಡ್ರಿ ಅಂದಾರ. ಅವನು ತನ್ನ ಚಿಕ್ಕಪ್ಪನ ಮಗನ ಕಾರ್ಡು ತಗದು, ಗುಳಿಗಿ ಕವರಿನ್ಯಾಗ ಹಾಕಿ ಕೊಟ್ಟ. ಕವರಿನ ಮ್ಯಾಲೆ ಅಭ್ಯಾಸ ಬಲದಿಂದ ಬರದೂ ಬರದಿದ್ದ: ಊಟ ಆದ ಮ್ಯಾಲೆ.

ಉಪ್ಪಿನ ಪರೀಕ್ಷಿ

ಆ ಬ್ಯಾರೆ ಕಂಪನಿ ಮಾಲು ಮರುದಿನ ಸಂಜಿಗೇ ಮನಿಗೆ ಬಂತು. ಇಸ್ತ್ರಿ ಅಂಗಿ, ನೆತ್ತಿ ಮ್ಯಾಲೆ ಕೂಲಿಂಗ್ ಗ್ಲಾಸು, ಮಾತು ಸಕ್ಕರಿ ಪಾಕ. ಏನು ಕೇಳಿದ್ರೂ ತೆಲುಗಿನ್ಯಾಗ ಒಂದೇ ಉತ್ತರ: "ಅಯಿಪೋಯಿಂದನುಕೋಂಡಿ." ಆತು ಅಂತ ತಿಳ್ಕೋರಿ, ಅಂತ.

"ನಮ್ಮನಿಯವರಿಗೆ ಪಗಾರ ಚೀಟಿ ಇಲ್ಲ, ಸೇಠ ಕೈಯಾಗ ಕೊಡ್ತಾನ," ಅಂದೆ.

"ಅಯಿಪೋಯಿಂದನುಕೋಂಡಿ."

"ಮನಿ ಹಳೇದು, ಬ್ಯಾಂಕಿನೋರು ಒಪ್ತಾರಾ?"

"ಅಯಿಪೋಯಿಂದನುಕೋಂಡಿ."

"ಬಡ್ಡಿ ಎಷ್ಟು ಬೀಳ್ತೈತಿ?"

"ಅದೂ ಅಯಿಪೋಯಿಂದನುಕೋಂಡಿ ಮೇಡಂ."

ನಮ್ಮನಿಯವರು ಕರಗಿ ನೀರಾಗಿದ್ರು. ಅಷ್ಟರಾಗ ನಮ್ಮತ್ತಿ ಪ್ಲೇಟಿನ್ಯಾಗ ಉಗ್ಗಾಣಿ ಹಾಕ್ಕೊಂಡು ಬಂದ್ರು. ಮಂಡಾಳು, ಅಂದ್ರ ಮಂಡಕ್ಕಿ, ನೆನಸಿ ಒಗ್ಗರಣಿ ಹಾಕಿ, ಪಕ್ಕಕ್ಕ ಎರಡು ಮೆಣಸಿನಕಾಯಿ ಬಜ್ಜಿ ಇಟ್ಟು ಕೊಟ್ರ ನಮ್ಮ ಕಡೆ ಮಂದಿ ಆಸ್ತಿ ಬೇಕಾದ್ರೂ ಬರದು ಕೊಡ್ತಾರ. ಏಜೆಂಟ್ ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದ. "ಅಮ್ಮಾ, ಗುಂತಕಲ್ಲಿನಿಂದ ಕರ್ನೂಲ್ ತನಕ ಇಂಥ ಉಗ್ಗಾಣಿ ನಾನು ತಿಂದಿಲ್ಲ," ಅಂದ. ಎರಡನೇ ಸಲಾನೂ ಹಾಕಿಸ್ಕೊಂಡು ತಿಂದು, ಡಕಾರು ತಗದು, ಅಡ್ವಾನ್ಸ್ ರೆಡಿ ಇಟ್ಕೋರಿ ಅಂತ ಹೇಳಿ ಹೋದ.

ಅವನು ಹೋದ ಮ್ಯಾಲೆ ನಮ್ಮನಿಯವರು ಒಂದು ತುತ್ತು ತಿಂದು ಮುಖ ಕಿವಿಚಿದ್ರು. "ಅವ್ವಾ, ಇದಕ್ಕ ಉಪ್ಪೇ ಹಾಕಿಲ್ಲಲ್ಲ."

ನಮ್ಮತ್ತಿ ಮರತಿದ್ರು. ನನಗ ಖಾತ್ರಿ ಗೊತ್ತು, ಮರತೇ ಮರತಿದ್ರು. ಆದ್ರ ಒಪ್ಪಿಕೊಂಡ್ರ ಅವರು ನಮ್ಮತ್ತಿ ಹೆಂಗಾಗ್ತಾರ. "ಬೇಕಂತ ಹಾಕಿಲ್ಲ. ಉಪ್ಪಿಲ್ಲದ್ದನ್ನ ಚಂದ ಐತಿ ಅಂದವ ಬಡ್ಡಿ ಎಷ್ಟು ಅಂತ ಖರೇ ಹೇಳ್ತಾನಾ? ಇವನು ಬ್ಯಾಡ," ಅಂದ್ರು.

ಮಾತು ಖರೇನ ಇತ್ತು, ಅವನ್ನ ಬಿಟ್ವಿ. ಆದ್ರ ನಮ್ಮತ್ತಿಗೆ ಆ ಪರೀಕ್ಷಿ ಮ್ಯಾಲೆ ಪ್ರೀತಿ ಹುಟ್ಟಿಬಿಡ್ತು. ಆ ತಿಂಗಳು ನಮ್ಮನಿಗೆ ಬಂದ ನೆಂಟರಿಗೆಲ್ಲಾ ಉಪ್ಪಿಲ್ಲದ ಉಗ್ಗಾಣಿನೇ. ಎಲ್ಲಾರೂ ತಿಂದು ಚಂದ ಐತಿ ಅಂತ ಹೇಳಿ ಹೋದ್ರು. ನಮ್ಮ ಬಳಗದಾಗ ನಂಬಿಗಸ್ತರು ಒಬ್ಬರೂ ಇಲ್ಲ ಅಂತ ಆವಾಗ ಗೊತ್ತಾತು.

ನಾಯಿ ಮಾಡಿದ ಉಪಕಾರ

ಎರಡನೇ ಏಜೆಂಟ್ ತಾನಾಗೇ ದವಾಖಾನಿಗೆ ಬಂದ. ಬೀದಿ ನಾಯಿ ಮೀನಖಂಡಕ್ಕ ಬಾಯಿ ಹಾಕಿತ್ತು. ಬೈಕ್ ಮ್ಯಾಲೆ ಸಾಲದ ಕಂಪನಿ ಸ್ಟಿಕ್ಕರ್ ಇತ್ತು, ಅದನ್ನ ನೋಡಿ ನಾನೇ ಮಾತಿಗೆ ಎಳದೆ.

ನಾಯಿ ಸೂಜಿ ಗುಣ ಏನಂದ್ರ, ಒಂದೇ ಸಲಕ್ಕ ಮುಗಿಯಂಗಿಲ್ಲ, ಹೇಳಿದ ದಿನಕ್ಕ ತಿರುಗಿ ತಿರುಗಿ ಬರಬೇಕು. ಏಜೆಂಟರು ಸಾಮಾನ್ಯ ಒಂದು ಸಲ ಮಾತಾಡಿ ಮಾಯ ಆಗೋ ಮಂದಿ. ಇವನಿಗೆ ಮಾಯ ಆಗಾಕ ದಾರಿ ಇರಲಿಲ್ಲ. ದೇವರಾಣಿ, ನಾನು ಅವನಿಗೆ ಬ್ಯಾರೆಯೋರಿಗೆ ಹಾಕಿದಂಗೇ ಹಾಕಿದೆ, ಒಂದು ಕೂದಲಷ್ಟೂ ಜಾಸ್ತಿ ಚುಚ್ಚಿಲ್ಲ. ಸ್ಪಿರಿಟ್ ಹಚ್ಚಿಕೊಂತ ಒಂದು ಮಾತು ಕೇಳ್ತಿದ್ದೆ, ಅಷ್ಟೇ.

ಮೊದಲನೇ ಸೂಜಿಗೆ, "ಸಾಲದ ಅರ್ಜಿಗೆ ಖರ್ಚೇನಾದ್ರೂ ಐತಾ?" ಅಂದೆ. "ಒಂದು ಪೈಸಾ ಇಲ್ಲ ಸಿಸ್ಟರ್," ಅಂದ, ಎದಿ ಉಬ್ಬಿಸಿ.

ಎರಡನೇ ಸೂಜಿಗೆ ಬಂದಾಗ ಅದೇ ಕೇಳಿದೆ. ಅವನು ಸಿರಿಂಜ್ ಕಡೆ ನೋಡಿ, "ಪ್ರೊಸೆಸಿಂಗ್ ಅಂತ ಸ್ವಲ್ಪ ಇರ್ತೈತಿ," ಅಂದ.

ಮೂರನೇ ಸಲ ನಾನು ಕೇಳೋಕ್ಕಿಂತ ಮೊದಲೇ ತೋಳು ತೋರಿಸಿಕೊಂತ, "ಸಾಲದ ಜತಿಗೆ ಒಂದು ಇನ್ಶೂರೆನ್ಸ್ ಅಂಟಿಸ್ತೀವ್ರಿ. ಬ್ಯಾಡ ಅಂದ್ರ ಬಿಡಬಹುದು, ಆದ್ರ ನಾವು ಹೇಳಂಗಿಲ್ಲ," ಅಂದ.

ಕೊನೀ ಸೂಜಿಗೆ ಬಂದಾಗ ಮುಖ ಇಳಿಬಿಟ್ಟಿದ್ದ. ಕುಂತು, ಕಣ್ಣು ಮುಚ್ಚಿ, "ಸಿಸ್ಟರ್, ನೀವು ನನ್ನ ಕಡೆ ಸಾಲ ತಗೋಬ್ಯಾಡ್ರಿ. ಹಾಕಿಬಿಡ್ರಿ," ಅಂದ.

ಅಷ್ಟರಾಗ ಕೋರ್ಸ್ ಮುಗದು ಹೋತು. ಇನ್ನೊಂದು ಸಲ ಕಚ್ಚಿದ್ರ ಬಡ್ಡಿ ಫಿಕ್ಸೆಡ್ಡಾ ಫ್ಲೋಟಿಂಗಾ ಅನ್ನೋದೂ ತಿಳೀತಿತ್ತು.

ಗುರುವಾರ ರಶ್ ಇರ್ತೈತಿ

ನಮ್ಮನಿಯವರಿಗೆ ಒಂದು ನಂಬಿಕಿ: ಹಣಿಗೆ ಗಂಧ ಇದ್ದವ ಸುಳ್ಳು ಹೇಳಂಗಿಲ್ಲ. ಮಿಲ್ಲಿನ್ಯಾಗ ಯಾರೋ ಹೇಳಿದ ಏಜೆಂಟ್ ಒಬ್ಬ ಪ್ರತಿ ಗುರುವಾರ ಮಂತ್ರಾಲಯಕ್ಕ ಬರ್ತಾನ ಅಂತ ಗೊತ್ತಾಗಿ, "ನಾವೂ ಹೋಗೋಣ, ದರ್ಶನ ಆತು, ಸಾಲದ ಮಾತೂ ಆತು," ಅಂದ್ರು. ದಸರಾ ಹತ್ರ ಬರಾಕ ಹತ್ತಿತ್ತು, ನನಗ ರಾತ್ರಿ ನಿದ್ದಿ ಹತ್ತುತ್ತಿರಲಿಲ್ಲ. ಸರಿ ಅಂತ ಮಗಳನ್ನ ಸಾಲಿಗೆ ಕಳಿಸಿ ಮೂರೂ ಮಂದಿ ಬಸ್ ಹತ್ತಿದ್ವಿ.

ಏಜೆಂಟ್ ಪಂಚೆ ಉಟ್ಟು, ಶಲ್ಯ ಹೊದ್ದು ಮಠದ ಮುಂದ ನಿಂತಿದ್ದ. ನೋಡಿದ್ರ ಕೈ ಮುಗೀಬೇಕು, ಹಂಗಿದ್ದ. ನಮ್ಮನಿಯವರು ಮುಗದೂ ಬಿಟ್ರು. ಅವನು ಗೋಪುರದ ಕಡೆ ಕೈ ತೋರಿಸಿ, "ರಾಯರ ಆಣಿ, ನಿಮ್ಮ ಹತ್ರ ನಾನು ಒಂದು ರೂಪಾಯಿ ಜಾಸ್ತಿ ತಗೊಳ್ಳಂಗಿಲ್ಲ," ಅಂದ.

ನಮ್ಮತ್ತಿ, "ಭಾಳ ಚಲೋ ಆತು ನೋಡಪ್ಪ. ಒಳಗ ಬಂದು ಬೃಂದಾವನದ ಮುಂದ ಇದೇ ಮಾತು ಹೇಳಿಬಿಡು," ಅಂದ್ರು.

"ಒಳಗಾ? ಗುರುವಾರ ಭಾಳ ರಶ್ ಇರ್ತೈತಿ ಅಮ್ಮಾ."

"ಇರವಲ್ದ್ಯಾಕ, ನಿಂದ್ರೋಣ. ನಮಗೇನು ಅವಸರ."

ಲೈನಿನ್ಯಾಗ ನಿಂತ್ವಿ. ಅವನು ನಮ್ಮ ಹಿಂದ ನಿಂತ. ಲೈನು ಮುಂದ ಹೋದಂಗ ಹೋದಂಗ ಅವನು ಹಿಂದ ಹಿಂದ ಸರದ. ನಾವು ಬಾಗಿಲು ಮುಟ್ಟೋದರಾಗ ಅವನು ಇಲ್ಲ. ದರ್ಶನ ಮಾಡಿ ಹೊರಗ ಬಂದು ನೋಡಿದ್ರ ಅವನ ಬೈಕೂ ಇಲ್ಲ, ಚಪ್ಪಲಿ ಮಾತ್ರ ಅಲ್ಲೇ ಬಿಟ್ಟು ಹೋಗಿದ್ದ. ಬರಿಗಾಲಾಗ ಓಡಿದ್ದ ಅಂದ್ರ ಲೆಕ್ಕ ಹಾಕ್ರಿ.

ನಾನು ನಮ್ಮನಿಯವರ ಮುಖ ನೋಡಿದೆ. ಅವರು ಪ್ರಸಾದ ತಿನ್ಕೊಂತ, "ನೋಡು, ಎಷ್ಟು ದೇವರ ಭಯ ಐತಿ ಆ ಮನಷಾಗ. ನಾನು ಹೇಳಲಿಲ್ಲೇನು?" ಅಂದ್ರು.

ಸಂಬಂಧ

ಇನ್ನ ಉಳಿದದ್ದು ಒಬ್ಬ. ದವಾಖಾನಿ ಆಯಾ ಹೇಳಿದ್ಲು: ಅವರ ಓಣಿ ಹಿಂದ ಒಬ್ಬ ಹುಡುಗ ಸಾಲ ಮಾಡಿಸೋ ಕೆಲಸ ಮಾಡ್ತಾನ, ಮನಷಾ ಹೆಂಗ ಅಂತ ಮಾತ್ರ ಆಕಿಗೂ ಗೊತ್ತಿಲ್ಲ.

"ಈ ಸಲ ನೀವಿಬ್ಬರೂ ಬಾಯಿ ಮುಚ್ಕೊಂಡಿರ್ರಿ. ನಾನು ವಿಚಾರ ಮಾಡ್ತೀನಿ," ಅಂದ್ರು ನಮ್ಮತ್ತಿ. ಅವರ ತವರೂರು ಪೆದ್ದಹರಿವಾಣ. ಅಲ್ಲಿ ಅವರ ಬಳಗದಾಗ ಯಾವ ಹುಡುಗಿಗೆ ವರ ಗೊತ್ತಾಗಬೇಕಾದ್ರೂ, ಮೊದಲು ನಮ್ಮತ್ತಿ ಹುಡುಗನ ಊರಿಗೆ ಹೋಗಿ, ಅವನ ಓಣ್ಯಾಗ ತಿರಗಾಡಿ, ಅಂಗಡ್ಯಾಗ, ನಳದ ಹತ್ರ, ಗಿರಣ್ಯಾಗ ಕೇಳ್ಕೊಂಡು ಬರಬೇಕು. ಅವರು ಹೂಂ ಅಂದ್ರ ಸಂಬಂಧ, ಊಹೂಂ ಅಂದ್ರ ಇಲ್ಲ.

ಏಜೆಂಟನ ಓಣಿಗೂ ಹಂಗೇ ಹೋದ್ರು. ನಾನು ಅವರ ಹಿಂದ. ಕಿರಾಣಿ ಅಂಗಡ್ಯಾಗ ಬೆಲ್ಲ ತೂಗಿಸಿಕೊಂತ ಶುರು ಮಾಡಿದ್ರು. "ಆ ಮೂಲಿ ಮನಿ ಹುಡುಗ ಹೆಂಗದಾನಪ್ಪ? ಕುಡಿಯೋದು ಸೇದೋದು ಏನಾದ್ರೂ ಐತಾ? ನಿನ್ನ ಅಂಗಡ್ಯಾಗ ಉದ್ರಿ ಬಾಕಿ ಇಟ್ಟಾನಾ?"

ನಾನು ಮೆಲ್ಲಕ ಸೆರಗು ಜಗ್ಗಿದೆ. "ಅತ್ತಿ, ಸಾಲದ ವಿಚಾರ ಅಂತ ಹೇಳ್ರಿ."

"ಸುಮ್ಕಿರು. ಸಾಲ ಅಂದ್ರ ಜನ ನಮಗ್ಯಾಕ ಬೇಕು ಅಂತಾರ. ಹಿಂಗ ಕೇಳಿದ್ರ ಹೊಟ್ಟ್ಯಾಗಿದ್ದದ್ದೆಲ್ಲಾ ಹೇಳ್ತಾರ."

ಅಂಗಡಿಯವ ನಮ್ಮಿಬ್ಬರನ್ನ ನೋಡಿ ನಕ್ಕ. "ಹುಡುಗ ಬಂಗಾರ ಅದಾನಮ್ಮ. ನಿಮ್ಮ ಕಡೆ ಹುಡುಗಿ ಏನು ಮಾಡ್ತಾಳ?"

ನಮ್ಮತ್ತಿ ಕಣ್ಣು ಪಿಳುಕಿಸದ, "ಗೌರ್ಮೆಂಟ್ ನರ್ಸು," ಅಂದ್ರು. ಅವನು ಮನಿ ಗುರುತು ಕೇಳಿದ್ದಕ್ಕ ಅದನ್ನೂ ಹೇಳಿದ್ರು.

ನಾನು ಗಡಿಬಿಡೀಲೆ ಬೆಲ್ಲದ ರೊಕ್ಕ ಕೊಟ್ಟು ಅವರನ್ನ ಎಳಕೊಂಡು ಹೊಂಟೆ. ಅಂಗಡಿ ದಾಟಿದ ಮ್ಯಾಲೆ ಜಗಳ ತಗದೆ. ಅವರು ನನ್ನ ಕಡೆ ತಿರುಗಿ ಶಾಂತವಾಗಿ ಕೇಳಿದ್ರು: "ಸಾಲ ಬೇಕಾಗಿದ್ದು ಯಾರಿಗೆ? ನಿನಗ. ನೀನು ಏನು ಮಾಡ್ತಿ? ನರ್ಸು. ಇದರಾಗ ಸುಳ್ಳು ಎಲ್ಲೈತಿ?"

ಗಿರಣಿಯಾಕಿ ಮಾತ್ರ ಅರ್ಧ ಹೇಳಿ ಅರ್ಧ ನುಂಗಿದ್ಲು. "ಹುಡುಗ ಚಲೋನ ಅದಾನವ್ವಾ. ಬಾಯಿ ಒಂದು..." ಅಂದು, ಮುಂದ ಹೇಳದ ಜ್ವಾಳದ ಹಿಟ್ಟು ಜಾಡಿಸಿಕೊಂತ ಒಳಗ ಹೋದ್ಲು. ನಮ್ಮತ್ತಿಗೆ ಇದೊಂದು ಅನುಮಾನ ಉಳೀತು. ಬೈಗುಳ ಜಾಸ್ತಿ ಏನೋ ಅಂದ್ಕೊಂಡ್ವಿ.

ಐತವಾರ ಮುಂಜಾನಿ. ನಮ್ಮನಿಯವರು ಲುಂಗಿ ಬನೀನಿನ್ಯಾಗ ಪೇಪರ್ ಓದಾಕ ಹತ್ತಿದ್ರು. ಬಾಗಿಲ ಮುಂದ ಆಟೋ ನಿಂತು ನಾಕು ಮಂದಿ ಇಳದ್ರು. ಗಂಧದ ಬಣ್ಣದ ಅಂಗಿಯ ಒಬ್ಬ ಹುಡುಗ, ಅವನ ತಂದಿ ತಾಯಿ, ಕೈಯಾಗ ವಾಚು ನೋಡಿಕೊಂತ ಅವನ ಸ್ವಾದರಮಾವ. ತಾಯಿ ಕೈಯಾಗ ಹಣ್ಣು, ಹೂವಿನ ಪೊಟ್ಲಾ, ಅರಿಷಿಣ ಕುಂಕುಮ. ಓನರಮ್ಮ ಮ್ಯಾಲಿನ ಕಟಕಿಯಿಂದ ಅರ್ಧ ಮೈ ಹೊರಗ ಹಾಕಿ ನೋಡಾಕ ನಿಂತ್ಲು.

"ನೀವು ನಮ್ಮ ಓಣ್ಯಾಗ ವಿಚಾರ ಮಾಡಿಕೊಂಡು ಹೋದ್ರಂತ," ಅಂದ್ಲು ತಾಯಿ, ನಾಚಿಕೊಂತ. "ನಿಮ್ಮ ಕಡಿಂದ ಮಾತು ಬರಲಿ ಅಂತ ಕಾಯಬೇಕಿತ್ತು. ಆದ್ರ ಗೌರ್ಮೆಂಟ್ ನೌಕರಿ ಹುಡುಗಿ ಅಂದ ಮ್ಯಾಲೆ ಬ್ಯಾರೆ ಯಾರಾದ್ರೂ ಮುಂದ ಬಿದ್ರ ಅಂತ ನಾವೇ ಬಂದ್ವಿ."

ನಮ್ಮನಿಯವರಿಗೆ ತಲಿನೂ ಗೊತ್ತಿಲ್ಲ, ಬುಡಾನೂ ಗೊತ್ತಿಲ್ಲ. ಬಂದೋರನ್ನ ಕುಂದ್ರಿಸಿ, ಅಂಗಿ ಹುಡುಕಾಕ ಹೋದ್ರು. ನಾನು ಅಡಗಿ ಮನ್ಯಾಗ ನಮ್ಮತ್ತಿ ಕೈ ಹಿಡಕೊಂಡು, "ಈಗೇನು ಮಾಡೋದು?" ಅಂದೆ. "ಮೊದಲು ನೀರು ಕಳಿಸು," ಅಂದ್ರು ಅವರು.

ಸ್ವಾದರಮಾವ ಗಂಟಲು ಸರಿ ಮಾಡಿಕೊಂಡ. "ಹುಡುಗೀನ್ನ ಕರೀರಿ. ಯಮಗಂಡ ಕಾಲ ಬರ್ತೈತಿ."

ಅದೇ ಹೊತ್ತಿಗೆ ನನ್ನ ಮಗಳು ನೀರು ತಗೊಂಡು ಹೊರಗ ಬಂದ್ಲು, ಆಕಿ ಹಿಂದ ನಾನು. ಮಗಳಿನ್ನೂ ಐದನೇ ಕ್ಲಾಸು. ಹುಡುಗನ ತಂದಿ, ಹೆಣ್ಣು ಈಕೀನ ಏನೋ ಅಂತ ಗಾಬರಿ ಆಗಿ, ನೀರು ತಗೊಂಡು ನೆಲ ನೋಡಿಕೊಂತ ಕುಡದ.

"ಈಕಿಗೆ ಅಕ್ಕ ಇರಬೇಕಲ್ಲ?" ಅಂದ ಮಾವ.

"ಇಲ್ಲ, ಒಬ್ಬಾಕೇ ಮಗಳು," ಅಂದೆ.

"ಮತ್ತ ಗೌರ್ಮೆಂಟ್ ನರ್ಸು ಅಂದ್ರಲ್ಲ?"

"ನಾನೇ ರಿ."

ನಾಕೂ ಮಂದಿ ನನ್ನ ತಾಳಿ ನೋಡಿದ್ರು. ಅಂಗಿ ಗುಂಡಿ ಹಾಕ್ಕೊಂತ ಬರಾಕ ಹತ್ತಿದ್ದ ನಮ್ಮನಿಯವರು ಈ ಮಾತು ಕೇಳಿ ಅಲ್ಲೇ ನಿಂತ್ರು. ಆಮ್ಯಾಲೆ ಬಂದು ನನ್ನ ಪಕ್ಕದಾಗ ನಿಂತು, "ಈಕಿ ನನ್ನ ಹೆಂಡ್ತಿ ರಿ," ಅಂದ್ರು, ಯಾರೋ ಕಸಗೊಂಡು ಹೋಗ್ತಾರೇನೋ ಅನ್ನಂಗ. ಮದುವಿ ಆದಾಗಿಂದ ಅಷ್ಟು ಗಟ್ಟಿಯಾಗಿ ಆ ಮಾತು ಅವರು ಹೇಳಿದ್ದು ಅದೊಂದೇ ಸಲ. ಖರೇ ಹೇಳ್ತೀನಿ, ಆ ಗಡಿಬಿಡ್ಯಾಗೂ ನನಗ ಖುಷಿ ಆತು.

ನಮ್ಮತ್ತಿ ಹೊರಗ ಬಂದು ನೆಲದ ಮ್ಯಾಲೆ ಕುಂತು ಎಲ್ಲಾ ಹೇಳಿದ್ರು. ಮನಿ, ಸಾಲ, ಉಪ್ಪು, ರಾಯರು, ಒಂದೂ ಬಿಡಲಿಲ್ಲ. "ತಪ್ಪು ನಂದು ತಾಯಿ. ಹುಡುಗನ ಗುಣ ತಿಳೀಬೇಕಿತ್ತು, ನನಗ ಗೊತ್ತಿದ್ದದ್ದು ಇದೊಂದೇ ದಾರಿ," ಅಂದ್ರು.

ಹುಡುಗನ ತಾಯಿಗೆ ಸಿಟ್ಟು ಬರತೈತಿ ಅಂದ್ಕೊಂಡಿದ್ದೆ. ಆಕಿ ಬಾಯಿ ತಗದು ಮಗನ್ನ ನೋಡಿದ್ಲು. "ಸಾಲಕ್ಕಾ? ಇವನ ಹತ್ರ ಸಾಲಕ್ಕ ಬಂದೀರಾ? ಯವ್ವಾ, ಹೆಣ್ಣು ಬೇಕಾದ್ರ ಕೊಡ್ರಿ, ಸಾಲ ಮಾತ್ರ ಇವನ ಕೈಯಿಂದ ಆಗಂಗಿಲ್ಲ. ಬಂದೋರನ್ನೆಲ್ಲಾ ವಾಪಸ್ ಕಳಿಸ್ತಾನ. ನಿಮ್ಮ ಪಗಾರಕ್ಕ ಕಂತು ಭಾರ ಆಗ್ತೈತಿ ಅಂತಾನ, ಈ ಬ್ಯಾಂಕಿಗಿಂತ ಆ ಬ್ಯಾಂಕಿನ್ಯಾಗ ಬಡ್ಡಿ ಕಮ್ಮಿ ಐತಿ ಹೋಗ್ರಿ ಅಂತಾನ, ಇನ್ನೊಂದೆರಡು ಕಡೆ ವಿಚಾರ ಮಾಡ್ರಿ ಅಂತಾನ. ಇವನ ಜತಿಗಿದ್ದ ಹುಡುಗರೆಲ್ಲಾ ಕಾರು ತಗೊಂಡ್ರು. ಇವನು ಇನ್ನೂ ಅದೇ ಹಳೇ ಬೈಕು."

ಹುಡುಗ ತಲಿ ತಗ್ಗಿಸಿ, "ಅವ್ವ ಹೇಳೋದು ಖರೇನ ರಿ," ಅಂದ.

ಗಿರಣಿಯಾಕಿ ನುಂಗಿದ ಅರ್ಧ ಮಾತು ಇದೇ. ನಾನು ನಮ್ಮತ್ತಿ ಮುಖ ನೋಡಿದೆ, ನಮ್ಮತ್ತಿ ನನ್ನ ಮುಖ ನೋಡಿದ್ರು. ನಾವು ಹುಡುಕಿದ ಮನಷಾ ಇವನೇ ಅಂತ ಇಬ್ಬರಿಗೂ ಒಂದೇ ಸಲ ತಿಳೀತು. "ಎಲ್ಲಾರೂ ಕುಂದ್ರಿ, ಊಟ ಮಾಡಿಕೊಂಡೇ ಹೋಗಬೇಕು," ಅಂದ್ರು ನಮ್ಮತ್ತಿ.

ನಾನು ಹುಡುಗಗ ಮನಿ ವಿಷಯ ಹೇಳಿದೆ. ಅವನು ಪಗಾರ ಕೇಳಲಿಲ್ಲ, ಮನಿ ಅಳತಿ ಕೇಳಲಿಲ್ಲ. "ಮಾರೋರಿಗೆ ಆ ಮನಿ ಹೆಂಗ ಬಂದದ್ದು ಅಕ್ಕಾ?" ಅಂದ.

"ಅವರಪ್ಪಂದು."

"ಅಕ್ಕತಂಗ್ಯಾರು ಅದಾರಾ ಅವರಿಗೆ?"

ನಮ್ಮನಿಯವರು, "ತಂಗಿ ಒಬ್ಬಾಕಿ, ಹೊಳಗುಂದಕ್ಕ ಕೊಟ್ಟಾರಂತ. ಆಕಿಗೇನು ಹೇಳೋದು ಬ್ಯಾಡ ಅಂದಾನ ಹಿರಿಯ," ಅಂದ್ರು.

ಹುಡುಗ ನೀರಿನ ಲೋಟ ಕೆಳಗಿಟ್ಟ. "ಹಂಗಾದ್ರ ಸದ್ಯ ಈ ಮನಿ ತಗೋಬ್ಯಾಡ್ರಿ. ಅಡ್ವಾನ್ಸಂತೂ ಕೊಡಲೇಬ್ಯಾಡ್ರಿ. ಅದರಾಗ ಆಕಿದೂ ಪಾಲೈತಿ. ನಾಳೆ ಆಕಿ ಬಂದು ಕೇಳಿದ್ರ ಕೋರ್ಟಿಗೆ ಅಡ್ಡಾಡೋರೂ ನೀವೇ, ಕಂತು ಕಟ್ಟೋರೂ ನೀವೇ."

ನನಗ ಅಳು ಬಂತು. ದಸರಾ ಎದುರಿಗೇ ಐತಿ, ಮನಸ್ಸಿನ್ಯಾಗ ಆ ಮನಿ ಕಸಾನೂ ಹೊಡದಾಗಿತ್ತು. ಆದ್ರ ಅಷ್ಟು ಮಂದಿ ಏಜೆಂಟರೊಳಗ ಒಬ್ಬನೂ ಈ ಒಂದು ಮಾತು ಕೇಳಿರಲಿಲ್ಲ. ಮುಂದ ಇದೇ ಹುಡುಗ ನಮ್ಮನಿಯವರನ್ನ ಹಳೇ ಬೈಕಿನ ಮ್ಯಾಲೆ ಕುಂದ್ರಿಸಿಕೊಂಡು ಹೊಳಗುಂದಕ್ಕ ಹೋಗಿದ್ದು, ಅಣ್ಣ ತಂಗಿ ಕುಂತು ಮಾತಾಡಿ ಆಕಿ ಪಾಲು ಆಕಿಗೆ ಮುಟ್ಟಿ ಆಕಿ ಸಹಿ ಹಾಕಿದ್ದು, ಪಾಲಿನ ತಕರಾರು ಕೇಳಿ ಹತ್ತಿ ವ್ಯಾಪಾರಿ ಹಿಂದ ಸರದು ದಸರಾ ದಾಟಿದ್ರೂ ಮನಿ ನಮ್ಮದೇ ಆಗಿದ್ದು, ಎಲ್ಲಾ ಆಮ್ಯಾಲಿನ ಮಾತು.

ಹುಡುಗನ ತಾಯಿ ಹಣಿ ಬಡಕೊಂಡ್ಲು. "ನೋಡಿದ್ರೇನ್ರಿ? ಬಂದು ಕುಂತ ಮನ್ಯಾಗೂ ಅದೇ ಹಾಡು. ನೀವೇ ಹೇಳ್ರಿ, ಇಂಥವನಿಗೆ ಯಾರು ಹೆಣ್ಣು ಕೊಡ್ತಾರ?"

ನಮ್ಮತ್ತಿ ಎದ್ದು ಬಂದು ಆ ಹುಡುಗನ ತಲಿ ಮ್ಯಾಲೆ ಕೈ ಇಟ್ರು. "ನಮ್ಮನ್ಯಾಗ ಇಲ್ಲಲ್ಲ ತಾಯಿ. ಇದ್ದಿದ್ರ ಕಣ್ಣು ಮುಚ್ಚಿಕೊಂಡು ಇವತ್ತೇ ಕೊಡ್ತಿದ್ದೆ."

ಹುಡುಗ ಬಂದಾಗಿಂದ ಮೊದಲನೇ ಸಲ ತಲಿ ಎತ್ತಿದ. "ಹಂಗ ಕೊಡಬ್ಯಾಡ್ರಿ ಅಜ್ಜಿ," ಅಂದ. "ನನಗ ಖಾಯಂ ಪಗಾರ ಇಲ್ಲ. ಇನ್ನೊಂದೆರಡು ಕಡೆ ವಿಚಾರ ಮಾಡ್ರಿ."